ಆಕಾಶ ಪಾಳಣಾದ ಮೊದಲ ಸುತ್ತು

“ಕಾಲ ಒಳಗ ತಗೋರಿ! ನಿಮಗs ಹೇಳಾಕತ್ತೀನಿ... ಮೊದಲ ಕಾಲ ಒಳಗ ತಗೋರಿ!”

ಯಾರೋ ಗಂಡಸಿನ ದನಿ. ಕೆಳಗಿನಿಂದಲ್ಲ, ತೀರ ಹತ್ತಿರದಿಂದ.

ಶುಭಾಂಗಿ ಕಣ್ಣು ಬಿಟ್ಟಳು. ಬಿಟ್ಟದ್ದೇ ತಪ್ಪಾಯಿತು! ನೆಲ ಎಲ್ಲೋ ಪಾತಾಳದಲ್ಲಿತ್ತು. ಅಪ್ಪ, ಅವ್ವ, ಅಣ್ಣ, ಪೂಜೆಗೆ ಬಂದ ನೆಂಟರು, ಎಲ್ಲರೂ ಕತ್ತೆತ್ತಿ ನಿಂತಿದ್ದರು. ಅವಳ ಒಂದು ಕಾಲು ತೊಟ್ಟಿಲ ಪೆಟ್ಟಿಗೆಯಿಂದ ಹೊರಗೆ ಗಾಳಿಯಲ್ಲಿತ್ತು. ಬಾಗಿಲ ಸರಪಳಿಯನ್ನು ಅವಳೇ ಬಿಚ್ಚಿದ್ದಳು. ಇಳಿದು ಹೋಗಿಬಿಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಎಲ್ಲಿಗೆ ಇಳಿಯುವುದು, ಹೇಗೆ ಇಳಿಯುವುದು ಎಂದು ಹೆದರಿದ ಜೀವ ಕೇಳುತ್ತದೆಯೇ?

ಚಕ್ರದ ಕಬ್ಬಿಣದ ಕಡ್ಡಿಗಳನ್ನು ಹಿಡಿದು ಒಬ್ಬ ಯುವಕ ಅವಳತ್ತ ಹತ್ತಿ ಬರುತ್ತಿದ್ದ. ಹೆಗಲ ಮೇಲೆ ಬಿಳಿ ಟವೆಲ್ಲು, ಹಣೆಯ ತುಂಬ ಬೆವರು.

“ಕೆಳಗ ನೋಡಬ್ಯಾಡ್ರಿ. ನನ್ನ ನೋಡ್ರಿ. ನನ್ನ ಮಾರಿ ಅಷ್ಟೇನ ಚೊಲೊ ಇಲ್ಲ, ಆದ್ರೂ ನೋಡ್ರಿ.”

ಆ ಹೊತ್ತಿನಲ್ಲೂ ಅವಳು ನೋಡಿದಳು. ಕಾಲು ತಾನಾಗಿ ಒಳಗೆ ಬಂತು. ಅವನು ಸರಪಳಿ ಸಿಕ್ಕಿಸಿ, ಮೆಲ್ಲಗೆ ಒಳಗೆ ನುಸುಳಿ ಎದುರಿಗೆ ಕೂತ. ಪೆಟ್ಟಿಗೆ ಒಮ್ಮೆ ವಾಲಿತು. ಕಿರ್ರ್... ಎಂದಿತು. ಶುಭಾಂಗಿ ಚೀರಿದಳು!

“ಘಾಬರ್ಯಾಗಬ್ಯಾಡ್ರಿ. ನಾ ಸಿದ್ದಣ್ಣ, ಕುರನೂರದಾಂವ. ಬಂಡೆಪ್ಪ ಕಾಕಾ ಕೆಳಗ ಹಗ್ಗ ಕಟ್ಟಸಾಕತ್ಯಾರ. ಎಲ್ಲಾರೂ ಕೂಡಿ ಕೈಲೆ ತಿರುವಿ ಇಳಸ್ತಾರ. ಅಲ್ಲೀತನಾ ಮಾತಾಡ್ಕೋತ ಕುಂದ್ರೂಣು.”

ಮಾತು! ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯಲ್ಲಿ ಅವಳ ಅಪ್ಪ ನಾಗಣ್ಣನವರ ಪಾರ್ಕು. ಅಲ್ಲಿ ಅಜ್ಜ ನಿಲ್ಲಿಸಿದ ಈ ದೊಡ್ಡ ಚಕ್ರದ ತೊಟ್ಟಿಲು. ಊರವರ ಬಾಯಲ್ಲಿ ಆಕಾಶ ಪಾಳಣಾ. ದಸರೆಯ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮನೆಯ ಹೆಂಗಸು ಪಾಳಣಾಕ್ಕೆ ಅರಿಶಿಣ ಕುಂಕುಮ ಹಚ್ಚಿ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು, ಒಬ್ಬಳೇ ಮೊದಲ ಸುತ್ತು ಹೋಗಿಬರಬೇಕು. ಆಮೇಲೆಯೇ ಊರಿನ ಮಕ್ಕಳ ಸರದಿ. ಇಷ್ಟು ವರ್ಷ ಅವ್ವ ಚಂದ್ರಭಾಗಾ ಹೋಗುತ್ತಿದ್ದಳು. ಈ ಸಲ ಅವಳ ಮೊಣಕಾಲು ಕೈಕೊಟ್ಟಿತು. ಟಿಕೆಟ್ ಕಿಟಕಿಯ ಹಿಂದೆ ಕೂತೇ ದೊಡ್ಡವಳಾದ, ಒಂದು ದಿನವೂ ಪಾಳಣಾ ಹತ್ತದ ಶುಭಾಂಗಿಯ ಪಾಲಿಗೆ ಅದು ಬಂತು.

ಹೆದರಿಕೆಯಿಂದ ಅವಳು ಪೂಜೆಯನ್ನು ಹೆಚ್ಚೇ ಮಾಡಿದಳು. ಎಣ್ಣೆಯಲ್ಲಿ ಕಲಸಿದ ಅರಿಶಿಣವನ್ನು ಕೈತುಂಬ ತೆಗೆದುಕೊಂಡು, ‘ನನ್ನಿಂದ ಏನೂ ಕೆಡದೆ ಇರಲಿ ದೇವರೇ’ ಎಂದು ಕಂಡ ಕಬ್ಬಿಣಕ್ಕೆಲ್ಲಾ ಬಳಿದಳು. ಆಮೇಲೆ ಹತ್ತಿದಳು. ಚಕ್ರ ಮೇಲೇರಿತು, ಬ್ರೇಕು ಹಾಕಿದರೂ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹಿಂದಕ್ಕೆ ಜಾರಿತು, ಮುಂದಕ್ಕೆ ಜಾರಿತು, ಮತ್ತೆ ಹಿಂದಕ್ಕೆ... ಪಾಳಣಾ ನಡೆಸುವ ಬಂಡೆಪ್ಪ ಕಡ್ಡಿಗಳ ನಡುವೆ ಮರದ ದಿಮ್ಮಿ ತುರುಕಿದಾಗ ದಡ್ಡೆಂದು ನಿಂತಿತು. ಅವಳು ತುದಿಯ ಹತ್ತಿರ ಸಿಕ್ಕಿಬಿದ್ದಳು.

“ನಂದ... ನಂದs ತಪ್ಪು,” ಎಂದಳು ಕೊನೆಗೆ. ಹಲ್ಲು ಕಟಕಟ ಎನ್ನುತ್ತಿದ್ದವು. “ನಾ ಹತ್ತಬಾರದಿತ್ತು. ನನ್ನ ಕೈಗುಣ ಚೊಲೊ ಇಲ್ಲರಿ. ನಾ ಮುಟ್ಟಿದ್ದೆಲ್ಲಾ ಕೆಡ್ತದ.”

“ಯಾರ ಹೇಳಿದ್ರು?”

“ದುಧನಿ ಊರಿನವರ ಜೋಡಿ ಲಗ್ನ ನಿಶ್ಚಯ ಆಗಿತ್ತು. ಸಾಖರಪುಡಾ ಮಾಡಿ ಸಕ್ರಿ ಹಂಚಿದ ಮರುದಿನಾನ ಅವರ ಮನ್ಯಾಗ ಅಜ್ಜಿ ತೀರಿಕೊಂಡ್ರು. ಹುಡುಗಿ ಕೈಗುಣ ಸರಿ ಇಲ್ಲಂತ ಹೇಳಿ ಸಂಬಂಧಾ ಮುರದ್ರು...”

“ಅಜ್ಜಿಗೆ ವಯಸ್ಸೆಷ್ಟಾಗಿತ್ತು?”

“ತೊಂಬತ್ತ ದಾಟಿತ್ತು.”

ಸಿದ್ದಣ್ಣ ಗಂಭೀರವಾಗಿ ತಲೆಯಾಡಿಸಿದ. “ಹಂಗಾರ ಇಷ್ಟ ವರ್ಷ ಆ ಅಜ್ಜಿ ಯಾರ ಕೈಗುಣದಿಂದ ಬದುಕಿತ್ತು, ಅವರನ್ನ ಕೇಳಬೇಕಾಗಿತ್ತರಿ.”

ಶುಭಾಂಗಿಗೆ ನಗು ಬಂತು! ಆ ಎತ್ತರದಲ್ಲಿ, ಆ ಭಯದಲ್ಲಿ, ಅಳುವಿನ ನಡುವೆಯೇ ನಗು. ಸಂಬಂಧ ಮುರಿದ ಮೇಲೆ ಆ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು. ಕೆಳಗೆ ಹಗ್ಗ ಬಿಗಿಯಿತು. ಚಕ್ರ ಅಂಗುಲ ಅಂಗುಲವಾಗಿ ಇಳಿಯತೊಡಗಿತು. ನೆಲ ಮುಟ್ಟುವವರೆಗೂ ಅವಳ ಬೆರಳುಗಳು ಅವನ ಅಂಗಿಯ ತೋಳನ್ನು ಬಿಡಲಿಲ್ಲ. ಅದು ಅವಳಿಗೆ ಗೊತ್ತಾಗಲಿಲ್ಲ, ಅವನು ಹೇಳಲೂ ಇಲ್ಲ.

*

ಕೆಳಗಿಳಿದ ಮೇಲೂ ಅವಳ ಕಾಲು ನೆಲವನ್ನು ನಂಬಲಿಲ್ಲ. ಅವ್ವ ನೀರು ಕುಡಿಸಿದಳು. ಅಪ್ಪ ತಲೆ ನೇವರಿಸಿದರು. ಅವಳ ಕಣ್ಣು ಮಾತ್ರ ಆ ಬಿಳಿ ಟವೆಲ್ಲನ್ನು ಹುಡುಕುತ್ತಿತ್ತು.

“ದಾದಾ, ಯಾರಂವ?” ಎಂದು ಮೆಲ್ಲಗೆ ಅಣ್ಣ ಅಮೋಲನನ್ನು ಕೇಳಿದಳು.

“ಸಿದ್ದಣ್ಣಾ? ಚಿಂಚೋಳಿ ಎಂಐಡಿಸಿಯಿಂದ ನಾನs ಕರಸೀನಿ. ಹೊಸಾ ಝೋಕಾ, ಮಶೀನಿನ ಜೋಕಾಲಿ, ಮಾಡೋ ಕಾರಖಾನಿಯವ. ಈ ಪಾಳಣಾ ತಗದ್ರ ಅದು ಕೂಡ್ತದೋ ಇಲ್ಲೋ ನೋಡಾಕ ಬಂದಾನ.”

ಅವಳು ನೀರಿನ ಲೋಟ ಕೆಳಗಿಟ್ಟಳು.

ಅಪ್ಪನಿಗೂ ಅಮೋಲನಿಗೂ ಈ ಜಗಳ ಇವತ್ತಿನದಲ್ಲ. “ಜಗತ್ತ ಎಲ್ಲೀತನಾ ಹೋಗ್ಯದ ಅಪ್ಪಾ! ಹುಡುಗೂರಿಗೆ ತಲಿಕೆಳಗ ಮಾಡಿ ಒಗಿಯೋ ಝೋಕಾ ಬೇಕು. ನಿಮ್ಮ ಪಾಳಣಾದಾಗ ಕುಂತ್ರ ನಿದ್ದಿ ಬರ್ತದ,” ಎನ್ನುವುದು ಮಗನ ವಾದ. “ಅಕ್ಕಲಕೋಟದ ಸ್ವಾಮಿಗೆ ಹೋಗೋ ಭಕ್ತರು ದೂರಿಂದ ಇದನ್ನ ನೋಡೇ ಗಾಡಿ ನಿಂದರಸ್ತಾರ. ಇದು ಹೋದ್ರ ನಾವ್ಯಾರು?” ಎನ್ನುವುದು ಅಪ್ಪನ ಉತ್ತರ. ಪಾಳಣಾ ಹತ್ತಲು ಹೆದರುವ ಶುಭಾಂಗಿ ಅದನ್ನು ಉಳಿಸುವ ವಿಷಯದಲ್ಲಿ ಮಾತ್ರ ಅಪ್ಪನ ಪಕ್ಷ. ತಾನು ಏರಲಾರದ್ದನ್ನೂ ಪ್ರೀತಿಸಬಹುದು, ಅಲ್ಲವೇ?

ಈಗ ಅವಳಿಗೆ ಬೆಳಗಿನದೊಂದು ನೋಟ ನೆನಪಾಯಿತು. ಪೂಜೆಗೆ ಮೊದಲು ಇದೇ ಸಿದ್ದಣ್ಣ ಬೋಲ್ಟು ಬಿಗಿಯುವ ಪಾನಾ ಹಿಡಿದು ಬ್ರೇಕಿನ ಹತ್ತಿರ ಬಗ್ಗಿದ್ದ!

ಅವಳು ತಿರುಗಿ ನೋಡಿದಳು. ಈಗಲೂ ಅಲ್ಲೇ ಇದ್ದ. ಬ್ರೇಕಿನ ಉಕ್ಕಿನ ಗಾಲಿಯನ್ನು ಟವೆಲ್ಲಿನಿಂದ ಅವಸರವಾಗಿ ಒರೆಸುತ್ತಿದ್ದ. ಯಾರಾದರೂ ನೋಡುತ್ತಾರೇನೋ ಎಂದು ಅತ್ತಿತ್ತ ನೋಡಿದ.

‘ಗುರುತು ಅಳಿಸ್ತಿದ್ದಾನೆ... ಅಯ್ಯೋ ದೇವರೇ!’

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅನ್ನುತ್ತಾರೆ. ನಮ್ಮ ಹುಡುಗಿಗೆ ಆ ದಿನ ನಿಜವಾದ ಹಳದಿಯೇ ಕಾಣಲಿಲ್ಲ.

“ಮುದ್ದಾಮ ಮಾಡೀರಿ ನೀವು!” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ನಿಮ್ಮ ಝೋಕಾ ಮಾರಾಕ ನಮ್ಮ ಬ್ರೇಕ್ ಸಡಲ ಮಾಡೀರಿ! ಜೀವಾ ತಗದು, ಆಮ್ಯಾಲ ಜೀವಾ ಉಳಿಸಾಕ ಬಂದ್ರಿ!”

ಸಿದ್ದಣ್ಣ ಟವೆಲ್ಲನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದ.

ನಾಗಣ್ಣ ಮುಂದೆ ಬಂದರು. “ಖರೇ ಹೇಳು ತಮ್ಮಾ. ಬ್ರೇಕ್ ಯಾಕ ಹಿಡೀಲಿಲ್ಲ?”

“ಮಶೀನಿನ ಚೂಕ ಇಲ್ಲರಿ ಮಾಲಕ್ರ. ನಿಮ್ಮ ಪಾಳಣಾ ಗಟ್ಟಿ ಅದ.”

“ಮತ್ತ ತಪ್ಪು ಯಾರ್ದು?”

ಅವನು ಶುಭಾಂಗಿಯನ್ನು ನೋಡಿದ. ಒಂದೇ ಒಂದು ಕ್ಷಣ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಏನೋ ಬೇರೆಯೇ ಇತ್ತು. ಅದೇನೆಂದು ಕೇಳುವಷ್ಟು ತಾಳ್ಮೆ ಅವಳಿಗಿರಲಿಲ್ಲ.

“ಹೇಳ್ರಿ! ಮ್ಯಾಲ ಅಷ್ಟ ಮಾತಾಡಿದ್ರಿ. ಈಗ ಬಾಯಿಗೆ ಬೀಗ ಬಿತ್ತೇನು?”

“ನಾ ಹೋಗ್ತೀನ್ರಿ,” ಎಂದಷ್ಟೇ ಹೇಳಿ ಅವನು ಗೇಟಿನತ್ತ ನಡೆದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಗಣ್ಣ ಅದೇ ಸಂಜೆ ಕಾರಖಾನೆಯ ಮಾಲಕರಿಗೆ ಫೋನ್ ಮಾಡಿ ದೂರು ಹೇಳಿದರು. ಆಮೇಲೆ ಅಮೋಲನನ್ನು ಕರೆದು ಹೇಳಿದರು. “ಯಾರs ಮಾಡಿರಲಿ. ನನ್ನ ಮಗಳ ಜೀವಕ್ಕ ಬಂದ ಪಾಳಣಾ ನನಗ ಬ್ಯಾಡ. ದೀಪಾವಳಿ ಮುಗಿಲಿ, ಕತ್ತರಿಸಿ ಹಾಕ್ಸು.”

*

ಆ ದಿನದಿಂದ ಶುಭಾಂಗಿಗೆ ಎಲ್ಲವೂ ಜಾರುತ್ತಿರುವಂತೆ ಅನಿಸತೊಡಗಿತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಬಾಗಿಲು ಕಿರ್ರ್ ಎಂದರೆ ಬೆಚ್ಚುತ್ತಿದ್ದಳು. ಕಣ್ಣು ಮುಚ್ಚಿದರೆ ಪೆಟ್ಟಿಗೆ ವಾಲುತ್ತಿತ್ತು, ಎದುರಿನ ಆಸನ ಖಾಲಿ ಇರುತ್ತಿತ್ತು. ಭಯ ಯಾವುದಕ್ಕೆ? ಬೀಳುವುದಕ್ಕೋ, ಆ ಆಸನ ಖಾಲಿ ಇರುವುದಕ್ಕೋ?

‘ಮೋಸಗಾರನನ್ನು ನೆನೆಸಿ ಯಾಕೆ ಅಳಬೇಕು ನಾನು?’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ದಿನ ಊಟದ ಹೊತ್ತಿಗೆ ಅಮೋಲ ಹೇಳಿದ. “ಆ ಸಿದ್ದಣ್ಣನ್ನ ಕೆಲಸದಿಂದ ತಗದಾರಂತ. ಊರಾಗ ಕುರಿ ಕಾಯಾಕತ್ಯಾನಂತ.”

ಅವಳು ಎತ್ತಿದ ತುತ್ತನ್ನು ತಾಟಿನಲ್ಲೇ ಇಟ್ಟು ಎದ್ದಳು.

ನರಕ ಚತುರ್ದಶಿಯ ಬೆಳಗು. ಅವ್ವ ಎಣ್ಣೆ ಅರಿಶಿಣ ಹಚ್ಚಿ ಮೈ ತಿಕ್ಕಿ, “ನೀರ ಹಾಕ್ಕೋ ಬಾ,” ಎಂದಳು. ಶುಭಾಂಗಿ ಹಂಡೆಯಿಂದ ನೀರು ಮೊಗೆಯಲು ತಾಮ್ರದ ತಂಬಿಗೆ ಹಿಡಿದಳು. ಅದು ಸರ್ರನೆ ಜಾರಿ ಠಣ್ ಎಂದು ಕಲ್ಲಿನ ಮೇಲೆ ಬಿತ್ತು. ಮತ್ತೆ ಎತ್ತಿದಳು. ಬಿಗಿಯಾಗಿ, ಎರಡೂ ಕೈಯಿಂದ ಹಿಡಿದಳು. ಮತ್ತೆ ಜಾರಿತು!

“ಹಂಗ್ಯಾಕ ಒಗೀತಿ? ಎಣ್ಣಿ ಕೈಲೆ ಹಿಡದ್ರ ನಿಂದರ್ತದೇನು?” ಅವ್ವ ನಕ್ಕಳು.

ಶುಭಾಂಗಿ ನಗಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಎಣ್ಣೆಯಲ್ಲಿ ಮಿರುಗುವ ಹಳದಿ ಅಂಗೈ...

“ಅವ್ವಾ... ಖಂಡೇ ಪೂಜಿಗೆ ನೀ ಬ್ರೇಕಿನ ಗಾಲಿಗೆ ಅರಿಶಿಣ ಹೆಂಗ ಹಚ್ಚತಿದ್ದಿ?”

“ಬ್ರೇಕಿಗಾ? ಅಲ್ಲಿ ಯಾರ ಹಚ್ತಾರ! ಹೊರಗಿನ ಕಂಬಕ್ಕ ಒಂದs ಬೆರಳಿಲೆ ತಿಲಕಾ. ನಿಮ್ಮ ಅಜ್ಜ ಉಳದದ್ದ ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಯಾಕಂತ ನಾನೂ ಕೇಳಲಿಲ್ಲ.”

ಹೊಗೆಯಾಡುವ ಹಂಡೆಯ ಮುಂದೆ ಅವಳಿಗೆ ಆ ದಿನದ್ದೆಲ್ಲಾ ಕಣ್ಣಿಗೆ ಕಟ್ಟಿತು. ದುಂಡಗೆ ಹೊಳೆಯುತ್ತಿದ್ದ ಆ ಉಕ್ಕಿನ ಗಾಲಿ. ಅದೇ ಪಾಳಣಾದ ಜೀವ ಇರಬೇಕು ಎಂದುಕೊಂಡು ಎಲ್ಲಕ್ಕಿಂತ ಹೆಚ್ಚು ಎಣ್ಣೆ ಅರಿಶಿಣ ಅದಕ್ಕೇ ಬಳಿದಿದ್ದಳು. ಅವನು ಒರೆಸಿದ್ದು ತನ್ನ ಗುರುತನ್ನಲ್ಲ. ಅವಳ ಗುರುತನ್ನು!

‘ನಾನೇ... ನನ್ನ ಕೈಯೇ! ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಹೋದ!’

ಆಗಲೇ ಓಡಿಹೋಗಿ ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಿಜ ಹೇಳಿದರೆ ದುಧನಿಯವರ ಮಾತು ನಿಜವಾಗುತ್ತದೆ! ‘ಹೌದು, ಈ ಹುಡುಗಿಯ ಕೈಗುಣ ಹಾಗೆಯೇ’ ಎಂದು ಇಡೀ ಸೊಲ್ಲಾಪುರ ಅಂದರೆ? ಆ ಹೆದರಿಕೆಯಲ್ಲಿ ಲಕ್ಷ್ಮೀ ಪೂಜೆಯೂ ಕಳೆಯಿತು. ದೀಪ ಹಚ್ಚು ಎಂದರೆ ಕೈ ಹಿಂದಕ್ಕೆಳೆದಳು. ಪಾಡ್ಯದ ಬೆಳಿಗ್ಗೆ ಅಮೋಲ, “ನಾಳೆ ಗ್ಯಾಸ್ ಕಟರಿನವರು ಬರ್ತಾರ,” ಎಂದಾಗ ಅವಳಿಗೆ ಇನ್ನೊಂದು ಹೆದರಿಕೆ ಹುಟ್ಟಿತು. ಅದು ಮೊದಲಿನದಕ್ಕಿಂತ ದೊಡ್ಡದಿತ್ತು.

ಸ್ವಾಮಿಯ ದರ್ಶನಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಅವಳು ಅಕ್ಕಲಕೋಟದ ಬಸ್ಸು ಹತ್ತಿದಳು.

*

ಅಕ್ಕಲಕೋಟದ ಹತ್ತಿರದ ಕುರನೂರದಲ್ಲಿ ಸಿದ್ದಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ತಾಯಿ ಗಂಗುಬಾಯಿ ಬಾಗಿಲಲ್ಲೇ ಕೂತು ಟಗರೊಂದರ ಕೊಂಬಿಗೆ ಬಣ್ಣ ಹಚ್ಚುತ್ತಿದ್ದಳು.

“ಯಾರವ್ವಾ ನೀ?”

ಶುಭಾಂಗಿ ಹೆಸರು ಹೇಳಿದಳು. ಮುದುಕಿಯ ಕೈ ನಿಂತಿತು. ಈಗ ಬೈಯುತ್ತಾಳೆ, ಮಗನ ಹೊಟ್ಟೆಗೆ ಕಲ್ಲು ಹಾಕಿದವಳೇ ಎನ್ನುತ್ತಾಳೆ... ಶುಭಾಂಗಿ ಕಣ್ಣು ಮುಚ್ಚಿದಳು.

ಗಂಗುಬಾಯಿ ಒಳಗೆ ಹೋಗಿ ಒಂದು ಚಿಟಿಕೆ ಹಳದಿ ಪುಡಿ ತಂದಳು. “ಬೀರಪ್ಪನ ಭಂಡಾರ ಅದ. ಹಬ್ಬದ ದಿನ ಬಂದೀ, ಖಾಲಿ ಹಣಿಲೆ ನಿಂದ್ರಬಾರದು.” ಹಣೆಗೆ ಹಚ್ಚಿ, ಉಳಿದದ್ದನ್ನು ಕಾಗದದಲ್ಲಿ ಕಟ್ಟಿ ಅವಳ ಕೈಗಿಟ್ಟಳು. “ಅಂವಾ ಧರಣದ ದಂಡಿಗೆ ಕುರಿ ಹೊಡಕೊಂಡ ಹೋಗ್ಯಾನ. ಹೋಗು.”

ಹಳದಿ! ಶುಭಾಂಗಿ ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆಳೆಯಹೋದಳು. ಆದರೂ ಮುಷ್ಟಿ ಬಿಗಿದುಕೊಂಡಳು.

ಕುರನೂರ ಅಣೆಕಟ್ಟಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಬೆನ್ನಿಗೆ ಗುಲಾಬಿ ಬಣ್ಣ ಹಚ್ಚಿಸಿಕೊಂಡ ಕುರಿಗಳ ನಡುವೆ ಅವನು ನಿಂತಿದ್ದ. ಅವಳನ್ನು ಕಂಡು ಹೆಗಲ ಟವೆಲ್ಲನ್ನು ಸರಕ್ಕನೆ ಬೆನ್ನ ಹಿಂದೆ ಮರೆಮಾಡಿದ. ಆದರೆ ಅವಳು ನೋಡಿಯಾಗಿತ್ತು. ಎಷ್ಟು ಒಗೆದರೂ ಹೋಗದ ಹಳದಿ ಕಲೆ.

“ನಾನs,” ಎಂದಳು. ಪೀಠಿಕೆಯಿಲ್ಲ, ನಮಸ್ಕಾರವಿಲ್ಲ. “ಬ್ರೇಕಿಗೆ ಎಣ್ಣಿ ಅರಿಶಿಣಾ ಬಳದಾಕಿ ನಾನs. ನಿಮಗ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ? ನಾ ನಿಮ್ಮ ಹೆಸರ ಕೆಡಸಿದೆ, ಕೆಲಸಾ ಕಳದೆ. ಒಂದ ಮಾತ ಅಂದಿದ್ರ ಮುಗೀತಿತ್ತು!”

ಸಿದ್ದಣ್ಣ ನೀರಿನತ್ತ ನೋಡಿದ. “ಮ್ಯಾಲ ಕುಂತಾಗ ನೀವು ಹೇಳಿದ್ರಿ. ನಾ ಮುಟ್ಟಿದ್ದೆಲ್ಲಾ ಕೆಡ್ತದಂತ. ನಾ ನಿಮ್ಮನ್ನ ನಗಿಸಿ ಕೆಳಗ ಕರಕೊಂಡ ಬಂದೆ. ಬಂದು ನೋಡ್ತೀನಿ, ಗಾಲಿ ತುಂಬ ನಿಮ್ಮ ಐದೂ ಬೆರಳ ಮೂಡ್ಯಾವ.” ಅವನ ದನಿ ಇಳಿಯಿತು. “ಅಷ್ಟ ಮಂದ್ಯಾಗ ಹೆಂಗ ಹೇಳ್ಲಿರಿ? ಹೇಳಿದ್ರ ಜಲ್ಮದಾಗ ನೀವು ಯಾವುದನ್ನೂ ಮುಟ್ತಿರಲಿಲ್ಲ.”

ಅವಳ ಕಣ್ಣಲ್ಲಿ ನೀರು ತುಂಬಿತು. ಕೈಗುಣ ಎಂದು ಜನ ದೂರ ಸರಿದಿದ್ದರು. ಆ ಕೈಯ ಗುರುತನ್ನು ತನ್ನ ಟವೆಲ್ಲಿನಲ್ಲಿ ಹೊತ್ತುಕೊಂಡು ಹೋದವನು ಇವನೊಬ್ಬನೇ!

“ಆದ್ರ ಮುಚ್ಚಿಟ್ಟದ್ದ ನಂದೂ ಚೂಕನ,” ಎಂದ ಅವನು. “ಮುಂದಿನ ವರ್ಷ ಮತ್ತ್ಯಾರರೆ ಹಚ್ಚಿದ್ರ, ಪೆಟಿಗ್ಯಾಗ ಹುಡುಗೂರು ಇದ್ರ? ನೆನಿಸಿದ್ರ ನನಗೂ ನಿದ್ದಿ ಬರ್ತಿರಲಿಲ್ಲ. ನಿಮ್ಮಪ್ಪಾಗ ಹೇಳಬೇಕಂತ ಎರಡ ಸಲ ಸೊಲ್ಲಾಪುರಕ್ಕ ಬಂದೆ. ಟಿಕೆಟ್ ಕಿಟಕ್ಯಾಗ ನಿಮ್ಮನ್ನ ನೋಡಿ ಹೊಳ್ಳಿ ಹೋದೆ.”

“ಯಾಕ?”

“ಹೆದರಿಕಿ,” ಎಂದ ಸಿದ್ದಣ್ಣ. “ನಿಮಗೊಬ್ಬರಿಗೇ ಇರ್ತದೇನ್ರಿ?”

ಕುರಿಯೊಂದು ಅವರಿಬ್ಬರ ನಡುವೆ ನುಗ್ಗಿ ಹೋಯಿತು. ಇಬ್ಬರೂ ಹಿಂದೆ ಸರಿಯಲಿಲ್ಲ.

“ನಾಳೆ ಅದನ್ನ ಕತ್ತರಸ್ತಾರ,” ಎಂದಳು ಶುಭಾಂಗಿ. “ನಾ ಎಲ್ಲಾರ ಮುಂದ ಹೇಳ್ತೀನಿ. ಕಾಲ ನಡಗಿದ್ರ... ನೀವು ಎದುರಿಗೆ ನಿಂದರ್ತೀರಾ?”

“ನಿಂದರ್ತೀನಿ.”

*

ಮರುದಿನ ಅವಳು ಪಾರ್ಕು ಮುಟ್ಟಿದಾಗ ಗ್ಯಾಸ್ ಕಟರಿನ ನೀಲಿ ಉರಿ ಹೊತ್ತಿಯಾಗಿತ್ತು. ಮೊದಲ ಪೆಟ್ಟಿಗೆ ಕೆಳಗೆ ಬಿದ್ದಿತ್ತು.

“ನಿಂದರ್ರಿ!”

ಎಲ್ಲರೂ ತಿರುಗಿದರು. ಅಪ್ಪನ ಮುಖ, ಅಣ್ಣನ ಹುಬ್ಬು, ಅವ್ವನ ಗಾಬರಿ. ಪಾಳಣಾದ ತುದಿಯಲ್ಲೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ. ಗೇಟಿನ ಹತ್ತಿರ ಬಿಳಿ ಟವೆಲ್ಲು ಕಂಡಿತು. ಅದನ್ನೇ ನೋಡುತ್ತಾ ಹೇಳಿದಳು. ಅರಿಶಿಣ, ಎಣ್ಣೆ, ಗಾಲಿ, ತಂಬಿಗೆ, ಸುಳ್ಳು ಆರೋಪ... ಒಂದನ್ನೂ ಬಿಡಲಿಲ್ಲ. “ನನ್ನ ಕೈಲೆ ಆಗ್ಯದ ಅಪ್ಪಾ. ಪಾಳಣಾದ್ದೂ ಅಲ್ಲ, ಅವರ್ದೂ ಅಲ್ಲ.”

ಕಟರಿನವನು ಉರಿ ಆರಿಸಿದ. ನಾಗಣ್ಣ ನಿಧಾನವಾಗಿ ಮಗಳ ಹತ್ತಿರ ಬಂದರು. ಹೊಡೆಯುತ್ತಾರೆಂದು ಅವಳು ಕುಗ್ಗಿದಳು. ಅವರು ಅವಳ ಎರಡೂ ಅಂಗೈ ಹಿಡಿದರು.

“ನಿನ್ನ ಕೈ ಚೂಕ ಅಲ್ಲವ್ವಾ. ಒಂದs ಬೆರಳಿಲೆ ಹಚ್ಚರಿ ಅಂತ ನಮ್ಮಪ್ಪ ಹೇಳತಿದ್ದ. ಪೂಜಿ ಉಳಿಸಿಕೊಂಡ್ವಿ. ಯಾಕಂತ ಮಾತ್ರ ನಾನೂ ಕೇಳಲಿಲ್ಲ, ನಿನಗೂ ಹೇಳಲಿಲ್ಲ.” ಆಮೇಲೆ ಸಿದ್ದಣ್ಣನತ್ತ ತಿರುಗಿ ಕೈ ಮುಗಿದರು. “ನಿಮ್ಮ ಮಾಲಕರ ಜೋಡಿ ನಾನs ಮಾತಾಡ್ತೀನಿ ತಮ್ಮಾ. ಈಗ ಹೇಳು. ಇದನ್ನ ಉಳಸೂದೋ, ತಗಿಯೂದೋ?”

ಸಿದ್ದಣ್ಣ ಚಕ್ರವನ್ನು ಸುತ್ತು ಹಾಕಿ ನೋಡಿದ, ಹತ್ತಿ ನೋಡಿದ, ಕಡ್ಡಿ ಕಡ್ಡಿಗೂ ಬಡಿದು ನೋಡಿದ. “ಹಳೇದಂತ ಇಡಬ್ಯಾಡ್ರಿ, ಹಳೇದಂತ ಒಗೀಬ್ಯಾಡ್ರಿ. ಬ್ರೇಕ್ ಹೊಸಾದು ಬೇಕು, ಸರಪಳಿ ಹೊಸಾವು ಬೇಕು, ತುಕ್ಕ ಹಿಡದ ಪೆಟಿಗಿ ಬದಲಾಗಬೇಕು. ನಡುವಿನ ಅಚ್ಚ ಇನ್ನೂ ಒಂದ ಪೀಳಿಗಿ ಬಾಳ್ತದ. ಹೊಸಾ ಝೋಕಾ ಕೂಡ್ರಸಾಕ ಆ ಕಡಿ ಜಾಗಾ ಅದ.”

“ಇದನ್ನ ಮೊದಲs ಹೇಳಿದ್ರ ಇಷ್ಟ ಜಗಳಾನ ಆಗ್ತಿರಲಿಲ್ಲ,” ಎಂದು ಅಮೋಲ ಗೊಣಗಿದ. ಆದರೂ ಕಟರಿನವರನ್ನು ಕಳಿಸಿದವನು ಅವನೇ.

*

ಹೊಸ ಬ್ರೇಕು ಕೂತ ದಿನ ಪಾಳಣಾಕ್ಕೆ ಮತ್ತೆ ಪೂಜೆ. ಅವ್ವ ಹೊರಗಿನ ಕಂಬಕ್ಕೆ ಒಂದೇ ಬೆರಳಿನಿಂದ ತಿಲಕವಿಟ್ಟಳು. ಮೊದಲ ಸುತ್ತಿಗೆ ಯಾರು ಎಂದು ಯಾರೂ ಕೇಳಲಿಲ್ಲ. ಶುಭಾಂಗಿ ತಾನಾಗಿಯೇ ಹೋಗಿ ಪೆಟ್ಟಿಗೆಯಲ್ಲಿ ಕೂತಳು. ಮಡಿಲಲ್ಲಿ ತೆಂಗಿನಕಾಯಿ, ಮುಷ್ಟಿಯಲ್ಲಿ ಗಂಗುಬಾಯಿ ಕೊಟ್ಟ ಕಾಗದದ ಪೊಟ್ಟಣ.

“ಒಬ್ಬಾಕೇ ಹೋಗೂದು ಪದ್ಧತಿ,” ಎಂದ ಬಂಡೆಪ್ಪ.

“ಬ್ರೇಕ್ ಕೂಡ್ರಿಸಿದಾಂವ ಮೊದಲ ಹತ್ತಲಿ. ಅದೂ ಪದ್ಧತಿ ಆಗಲಿ,” ಎಂದರು ನಾಗಣ್ಣ, ಎತ್ತಲೋ ನೋಡುತ್ತಾ.

ಸಿದ್ದಣ್ಣ ಎದುರಿಗೆ ಕೂತ. ಚಕ್ರ ಏರಿತು. ತುದಿ ಬಂತು. ಕಿರ್ರ್... ಈಗ ಜಾರುತ್ತದೆ. ಈಗ... ಈಗ...

ಜಾರಲಿಲ್ಲ. ನಿಂತಿತು. ದೂರದಲ್ಲಿ ಅಕ್ಕಲಕೋಟದ ದಾರಿ ಬೂದು ಗೆರೆಯಂತೆ ಕಾಣುತ್ತಿತ್ತು.

“ಇನ್ನಾ ಹೆದರಿಕಿ ಅದ ನನಗ,” ಎಂದಳು ಅವಳು.

“ಇರ್ಲಿ. ನನಗೂ ಅದ.”

“ನಿಮಗ್ಯಾತರ ಹೆದರಿಕಿ?”

“ಕೆಳಗ ಇಳದ ಮ್ಯಾಲ ನೀವು ನನ್ನ ತೋಳ ಬಿಡ್ತೀರಿ ಅಂತ.”

ಶುಭಾಂಗಿ ನೋಡಿಕೊಂಡಳು. ಅವಳ ಎಡಗೈ ಯಾವಾಗಲೋ ಅವನ ಅಂಗಿಯ ತೋಳು ಹಿಡಿದಿತ್ತು. ಬಿಡಲಿಲ್ಲ. ಬಲಗೈಯಿಂದ ಪೊಟ್ಟಣ ಬಿಚ್ಚಿ ಭಂಡಾರದಲ್ಲಿ ಬೆರಳದ್ದಿದಳು.

“ಎಲ್ಲಿ ಹಚ್ಚಲಿ? ನನ್ನ ಕೈ ಹೆಂಗದಂತ ನಿಮಗ ಗೊತ್ತದ.”

ಸಿದ್ದಣ್ಣ ಮುಂದಕ್ಕೆ ಬಾಗಿ ತನ್ನ ಹಣೆ ಅವಳ ಬೆರಳ ಹತ್ತಿರ ತಂದ.

“ಇಲ್ಲಿ ಹಚ್ಚು. ಇದು ಜಾರೂದಿಲ್ಲ.”